ಡಿಸ್ಕ್ ಖಾಲಿ, ಆದರೂ ‘ಜಾಗ ಇಲ್ಲ’: ಶೇರ್ಡ್ ಮೆಮೊರಿ ಸೆಗ್‌ಮೆಂಟ್ ನೋಡುವ, ಅಳಿಸುವ, ಕಟ್ಟುವ ಬಗೆ

ಪ್ರೋಗ್ರಾಂ ಸ್ಟಾರ್ಟ್ ಆಗುತ್ತಿಲ್ಲ, ಲಾಗ್‌ನಲ್ಲಿ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ಬಂದಿದೆ. ಎಲ್ಲರೂ ಮೊದಲು ಓಡುವುದು ‘ಡಿಎಫ್’ ಕಮಾಂಡಿನ ಕಡೆಗೆ. ಡಿಸ್ಕ್ ಅರ್ಧಕ್ಕಿಂತ ಹೆಚ್ಚು ಖಾಲಿ ಇರುತ್ತದೆ. ಐನೋಡ್ (ಒಂದೊಂದು ಫೈಲಿಗೂ ಬೇಕಾದ ದಾಖಲೆ ನಂಬರು) ಮುಗಿದಿರಬಹುದೇ ಎಂದು ‘ಡಿಎಫ್ -ಐ’ ಹೊಡೆದರೆ ಅದೂ ಬೇಕಾದಷ್ಟಿದೆ. ಆಮೇಲೆ ಯಾರೋ ಒಬ್ಬರು ರೀಬೂಟ್ ಮಾಡೋಣ ಅನ್ನುತ್ತಾರೆ, ಮಾಡುತ್ತಾರೆ, ಸರಿಹೋಗುತ್ತದೆ, ಕೆಲವು ವಾರ ಬಿಟ್ಟು ಮತ್ತದೇ ರಾಗ.

ಆ ಎರರ್ ಸಾಲಿನ ಆಸುಪಾಸಿನಲ್ಲಿ ‘ಶಮ್‌ಗೆಟ್’ ಎಂಬ ಹೆಸರು ಕಂಡರೆ ಡಿಸ್ಕಿನ ಗೊಡವೆ ಬಿಡಿ. ಶೇರ್ಡ್ ಮೆಮೊರಿ ಸೆಗ್‌ಮೆಂಟ್ ಅಂದರೆ ಹಲವು ಪ್ರೋಸೆಸ್ಸುಗಳು (ಓಡುತ್ತಿರುವ ಪ್ರೋಗ್ರಾಂಗಳು) ಹಂಚಿಕೊಂಡು ಬಳಸುವ ಮೆಮೊರಿಯ ತುಂಡು; ಹೊಸದೊಂದನ್ನು ಕೇಳುವ ಕರೆಯೇ ಶಮ್‌ಗೆಟ್. ಅದಕ್ಕೆ ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಪ್ಪದಿದ್ದಾಗಲೂ ಇದೇ ಎರರ್ ಬರುತ್ತದೆ. ಲಿನಕ್ಸ್‌ನಲ್ಲಿ ಒಟ್ಟು ಎಷ್ಟು ಸೆಗ್‌ಮೆಂಟ್ ಇರಬಹುದು ಎಂಬುದಕ್ಕೆ ಡಿಫಾಲ್ಟ್ ಮಿತಿ 4096. ಪ್ರತಿ ಸಲ ಏಳುವಾಗ ಒಂದು ಹೊಸ ಸೆಗ್‌ಮೆಂಟ್ ಮಾಡಿಕೊಂಡು, ನಿಲ್ಲುವಾಗ ಅಳಿಸದೆ ಹೋಗುವ ಪ್ರೋಗ್ರಾಂ ಒಂದಿದ್ದರೆ ಸಾಕು, ಆ ಮಿತಿ ಇವತ್ತಲ್ಲ ನಾಳೆ ತುಂಬುತ್ತದೆ.

ನಾನು ಸಿ ಭಾಷೆಯಲ್ಲಿ ಬರೆದ ಹಳೆಯ ಬಿಲ್ಲಿಂಗ್ ಪ್ರೋಗ್ರಾಂಗಳನ್ನೂ ಕೆಲವು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ಗಳನ್ನೂ ನೋಡಿಕೊಳ್ಳುವವಳು. ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರಿಗೆ ಬಾಯಲ್ಲಿ ಹೇಳುತ್ತಿದ್ದುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಮಾಂಡುಗಳು ಕನ್ನಡ ಅಕ್ಷರದಲ್ಲಿವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ. ನಾನು ‘ಶಮ್’ ಎಂದು ಬರೆದಲ್ಲೆಲ್ಲ ಎಸ್, ಎಚ್, ಎಂ ಮೂರೇ ಅಕ್ಷರ.

ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇಷ್ಟು: ಪ್ರೋಸೆಸ್ ಸತ್ತರೆ ಅದರ ಸ್ವಂತ ಮೆಮೊರಿಯನ್ನು ಕರ್ನೆಲ್ ವಾಪಸ್ ತೆಗೆದುಕೊಳ್ಳುತ್ತದೆ, ತೆರೆದ ಫೈಲುಗಳನ್ನು ಮುಚ್ಚುತ್ತದೆ. ಶೇರ್ಡ್ ಮೆಮೊರಿ ಸೆಗ್‌ಮೆಂಟ್ ಮಾತ್ರ ಹಾಗಲ್ಲ. ಅರಳಿಕಟ್ಟೆ ಕಟ್ಟಿಸಿದವರು ಊರು ಬಿಟ್ಟರೂ ಕಟ್ಟೆ ಉಳಿಯುವಂತೆ, ಮಾಡಿದ ಪ್ರೋಸೆಸ್ ಹೋದರೂ ಸೆಗ್‌ಮೆಂಟ್ ಇರುತ್ತದೆ. ಯಾರಾದರೂ ಅಳಿಸಬೇಕು, ಇಲ್ಲವೇ ಮಷಿನ್ ರೀಬೂಟ್ ಆಗಬೇಕು. ಮೆಮೊರಿ ಸಾಲದೆ ಓಓಎಂ ಕಿಲ್ಲರ್ ಬಂದು ಪ್ರೋಸೆಸ್ಸನ್ನು ಕೊಂದರೂ ಸೆಗ್‌ಮೆಂಟಿನಲ್ಲಿದ್ದ ಮೆಮೊರಿ ಬಿಡುಗಡೆಯಾಗುವುದಿಲ್ಲ. ಕೊಂದದ್ದೂ ದಂಡ.

ನೋಡುವುದು

ಐಪಿಸಿಎಸ್ -ಎಂ

ಸಾಲುಸಾಲಾಗಿ ಬರುತ್ತದೆ: ಕೀ, ಶಮ್‌ಐಡಿ, ಓನರ್, ಪರ್ಮಿಷನ್, ಬೈಟ್ಸ್, ಎನ್‌ಅಟ್ಯಾಚ್, ಸ್ಟೇಟಸ್. ಕೀ ಅಂದರೆ ಪ್ರೋಗ್ರಾಂಗಳು ಸೆಗ್‌ಮೆಂಟನ್ನು ಹುಡುಕಿಕೊಳ್ಳುವ ನಂಬರು, ಶಮ್‌ಐಡಿ ಅದಕ್ಕೆ ಕರ್ನೆಲ್ ಕೊಟ್ಟ ನಂಬರು. ಇದರಲ್ಲಿ ನಾನು ಮೊದಲು ನೋಡುವುದು ಕೊನೆಯ ಎರಡನ್ನು. ಎನ್‌ಅಟ್ಯಾಚ್ ಅಂದರೆ ಈ ಕ್ಷಣ ಎಷ್ಟು ಜೋಡಣೆ ಇದೆ, ಅಂದರೆ ಸೆಗ್‌ಮೆಂಟನ್ನು ಪ್ರೋಸೆಸ್ಸುಗಳು ಎಷ್ಟು ಕಡೆ ತಮ್ಮ ಮೆಮೊರಿಗೆ ಸೇರಿಸಿಕೊಂಡಿವೆ ಎಂಬ ಲೆಕ್ಕ. ಸ್ಟೇಟಸ್‌ನಲ್ಲಿ ‘ಡೆಸ್ಟ್’ ಎಂದಿದ್ದರೆ ಅಳಿಸುವ ಆಜ್ಞೆ ಆಗಲೇ ಆಗಿದೆ, ಆದರೆ ಇನ್ನೂ ಯಾರೋ ಹಿಡಿದುಕೊಂಡಿದ್ದಾರೆ ಎಂದರ್ಥ.

ಕೀ ಕಾಲಂನಲ್ಲಿ ಬರೀ ಸೊನ್ನೆಗಳು ಕಂಡರೆ ಗಾಬರಿ ಬೇಡ. ಎರಡು ಕಾರಣಕ್ಕೆ ಹಾಗಿರಬಹುದು. ‘ಐಪಿಸಿ ಪ್ರೈವೇಟ್’ ಎಂದು ಕೇಳಿ ಮಾಡಿದ ಸೆಗ್‌ಮೆಂಟಿಗೆ ಮೊದಲಿಂದಲೂ ಕೀ ಇರುವುದಿಲ್ಲ. ಅಳಿಸುವ ಗುರುತು ಬಿದ್ದ ಸೆಗ್‌ಮೆಂಟಿನ ಕೀಯನ್ನು ಕರ್ನೆಲ್ ಕಿತ್ತುಕೊಂಡಿರುತ್ತದೆ. ಎರಡನೆಯದಕ್ಕೆ ಪಕ್ಕದಲ್ಲಿ ‘ಡೆಸ್ಟ್’ ಇರುತ್ತದೆ. ಎಕ್ಸಾರ್ಗ್ (ಪರದೆಯ ಚಿತ್ರ ನೋಡಿಕೊಳ್ಳುವ ಪ್ರೋಗ್ರಾಂ) ಓಡುತ್ತಿರುವ ಡೆಸ್ಕ್‌ಟಾಪಿನಲ್ಲಿ ಈ ಕಮಾಂಡ್ ಹೊಡೆದು ನೋಡಿ: ಕೀ ಸೊನ್ನೆ, ಪರ್ಮಿಷನ್ 600, ಎನ್‌ಅಟ್ಯಾಚ್ 2, ಸ್ಟೇಟಸ್ ಡೆಸ್ಟ್ ಎನ್ನುವ ಸಾಲುಗಳು ಡಜನ್‌ಗಟ್ಟಲೆ ಬರುತ್ತವೆ. ಅದು ಕಸವಲ್ಲ, ಒಳ್ಳೆಯ ಶಿಸ್ತು. ಏಕೆಂದು ಮುಂದೆ ಹೇಳುತ್ತೇನೆ.

ಯಾರು ಮಾಡಿದ್ದು, ಕೊನೆಗೆ ಮುಟ್ಟಿದ್ದು ಯಾರು ಎಂದು ತಿಳಿಯಲು:

ಐಪಿಸಿಎಸ್ -ಎಂ -ಪಿ

ಇದು ಸಿಪಿಐಡಿ, ಎಲ್‌ಪಿಐಡಿ ಎಂಬ ಎರಡು ಪ್ರೋಸೆಸ್ ನಂಬರ್ ಕೊಡುತ್ತದೆ. ಮೊದಲನೆಯದು ಸೆಗ್‌ಮೆಂಟ್ ಹುಟ್ಟಿಸಿದ್ದು, ಎರಡನೆಯದು ಕೊನೆಯದಾಗಿ ಜೋಡಿಸಿಕೊಂಡದ್ದು ಅಥವಾ ಕಳಚಿಕೊಂಡದ್ದು. ಈ ನಂಬರುಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಪ್ರೋಸೆಸ್ ನಂಬರ್ ಮರುಬಳಕೆಯಾಗುತ್ತದೆ. ಹೋದ ತಿಂಗಳು ಸತ್ತ ಬಿಲ್ಲಿಂಗ್ ಪ್ರೋಸೆಸ್ಸಿನ ನಂಬರು ಇವತ್ತು ಯಾರದೋ ಬ್ಯಾಷ್ ಆಗಿರಬಹುದು. ಅದಕ್ಕೇ ‘-ಪಿ’ ಜತೆಗೆ ‘-ಟಿ’ ಕೂಡ ನೋಡುತ್ತೇನೆ. ಅದರಲ್ಲಿ ಜೋಡಿಸಿದ, ಕಳಚಿದ, ಬದಲಾದ ಸಮಯ ಸಿಗುತ್ತದೆ. ಒಂದೇ ಸೆಗ್‌ಮೆಂಟಿನ ಪೂರ್ತಿ ಜಾತಕ ಬೇಕಿದ್ದರೆ ‘ಐಪಿಸಿಎಸ್ -ಎಂ -ಐ’ ಮುಂದೆ ಶಮ್‌ಐಡಿ.

ಎನ್‌ಅಟ್ಯಾಚ್ 3 ಎಂದಿದೆ, ಆ ಮೂವರು ಯಾರು? ಇದನ್ನು ಐಪಿಸಿಎಸ್ ಹೇಳುವುದಿಲ್ಲ. ಪ್ರೋಸೆಸ್ಸುಗಳ ವಿವರವನ್ನು ಕರ್ನೆಲ್ ಫೈಲುಗಳಂತೆ ತೋರಿಸುವ ಪ್ರಾಕ್ ಫೈಲ್‌ಸಿಸ್ಟಂ ಹೇಳುತ್ತದೆ. ರೂಟ್ ಆಗಿ, ಪ್ರತಿ ಪ್ರೋಸೆಸ್ಸಿನ ‘ಮ್ಯಾಪ್ಸ್’ ಫೈಲಿನಲ್ಲಿ ಎಸ್‌ವೈಎಸ್‌ವಿ ಎಂಬ ದೊಡ್ಡಕ್ಷರದ ಪದ ಹುಡುಕಿ:

ಗ್ರೆಪ್ ಎಸ್‌ವೈಎಸ್‌ವಿ /ಪ್ರಾಕ್/*/ಮ್ಯಾಪ್ಸ್

ಸಿಗುವ ಸಾಲಿನಲ್ಲಿ ಎಸ್‌ವೈಎಸ್‌ವಿ ಮುಂದೆ ಅಂಟಿಕೊಂಡಿರುವುದು ಕೀ. ಐನೋಡ್ ಇರಬೇಕಾದ ಜಾಗದಲ್ಲಿ ಇರುವ ಸಂಖ್ಯೆಯೇ ಶಮ್‌ಐಡಿ. ಸಾಲಿನ ಕೊನೆಗೆ ‘ಡಿಲೀಟೆಡ್’ ಎಂದು ಯಾವಾಗಲೂ ಇರುತ್ತದೆ, ಅದನ್ನು ನೋಡಿ ಸೆಗ್‌ಮೆಂಟ್ ಅಳಿದುಹೋಗಿದೆ ಎಂದುಕೊಳ್ಳಬೇಡಿ.

ಅಳಿಸುವುದು, ಅಥವಾ ಅಳಿಸದಿರುವುದು

ಕಮಾಂಡ್ ಸುಲಭ. ಶಮ್‌ಐಡಿ ಹಿಡಿದು ಅಳಿಸಲು:

ಐಪಿಸಿಆರ್‌ಎಂ -ಎಂ 32769

ಕೀ ಹಿಡಿದು ಅಳಿಸಬೇಕಿದ್ದರೆ ಅದೇ ‘-ಎಂ’ ದೊಡ್ಡಕ್ಷರದಲ್ಲಿ. ಸಣ್ಣದು ದೊಡ್ಡದು ಅದಲುಬದಲಾದರೆ ಬೇರೆ ಸೆಗ್‌ಮೆಂಟಿಗೆ ಏಟು ಬೀಳುವ ಸಂಭವ ಕಡಿಮೆ, ಆದರೂ ನಾನು ಯಾವಾಗಲೂ ಐಡಿಯನ್ನೇ ಬಳಸುತ್ತೇನೆ.

ಕಷ್ಟ ಇರುವುದು ಕಮಾಂಡಿನಲ್ಲಲ್ಲ. ಎನ್‌ಅಟ್ಯಾಚ್ ಸೊನ್ನೆಗಿಂತ ಹೆಚ್ಚಿರುವಾಗ ಅಳಿಸಿದರೆ ಏನಾಗುತ್ತದೆ? ‘ಬಳಕೆಯಲ್ಲಿದೆ’ ಎಂಬ ಎರರ್ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬರುವುದಿಲ್ಲ. ಕಮಾಂಡ್ ತೆಪ್ಪಗೆ ಗೆಲ್ಲುತ್ತದೆ. ಸೆಗ್‌ಮೆಂಟಿಗೆ ಡೆಸ್ಟ್ ಗುರುತು ಬೀಳುತ್ತದೆ, ಕೀ ಸೊನ್ನೆಯಾಗುತ್ತದೆ, ಜೋಡಿಸಿಕೊಂಡಿರುವ ಪ್ರೋಸೆಸ್ಸುಗಳು ಏನೂ ಆಗದಂತೆ ಓದುತ್ತ ಬರೆಯುತ್ತ ಇರುತ್ತವೆ. ಈಗ ಅದೇ ಪ್ರೋಗ್ರಾಂನ ಹೊಸ ಪ್ರೋಸೆಸ್ ಒಂದು ಏಳುತ್ತದೆ, ಹಳೆಯ ಕೀ ಹಿಡಿದು ‘ಇದ್ದರೆ ಕೊಡು, ಇಲ್ಲದಿದ್ದರೆ ಮಾಡು’ ಎಂದು ಕೇಳುತ್ತದೆ. ಆ ಕೀಗೆ ಈಗ ಯಾರೂ ವಾರಸುದಾರರಿಲ್ಲ. ಕರ್ನೆಲ್ ಹೊಚ್ಚ ಹೊಸ, ಸೊನ್ನೆ ತುಂಬಿದ ಸೆಗ್‌ಮೆಂಟ್ ಕೊಡುತ್ತದೆ. ಹಳೆಯ ಪ್ರೋಸೆಸ್ಸುಗಳು ಒಂದು ಮೆಮೊರಿಯಲ್ಲಿ, ಹೊಸವು ಇನ್ನೊಂದರಲ್ಲಿ. ಎರಡೂ ಗುಂಪಿಗೆ ತಾವು ಒಟ್ಟಿಗಿದ್ದೇವೆ ಎಂಬ ಭ್ರಮೆ. ಬಿಲ್ ನಂಬರು ಎರಡು ಕಡೆಯಿಂದ ಏರುತ್ತದೆ. ಕ್ರ್ಯಾಶ್ ಇಲ್ಲ, ಎರರ್ ಇಲ್ಲ, ಲಾಗ್‌ನಲ್ಲಿ ಒಂದಕ್ಷರವಿಲ್ಲ. ಕ್ರ್ಯಾಶ್ ಆಗಿದ್ದರೇ ಒಳ್ಳೆಯದಿತ್ತು ಅನ್ನಿಸುವ ಪರಿಸ್ಥಿತಿ ಇದು.

ಆದ್ದರಿಂದ ಕ್ರಮ ಇದು: ಮೊದಲು ಮ್ಯಾಪ್ಸ್ ನೋಡಿ ಜೋಡಿಸಿಕೊಂಡವರನ್ನು ಗುರುತಿಸಿ, ಅವರನ್ನೆಲ್ಲ ಸರಿಯಾದ ದಾರಿಯಲ್ಲಿ ನಿಲ್ಲಿಸಿ, ಎನ್‌ಅಟ್ಯಾಚ್ ಸೊನ್ನೆಗೆ ಬಂದದ್ದನ್ನು ಕಣ್ಣಾರೆ ಕಂಡು, ಆಮೇಲೆ ಅಳಿಸಿ.

ಸೊನ್ನೆ ಇದ್ದರೆ ಕಸ ಎಂದೂ ಅಲ್ಲ. ನಮ್ಮಲ್ಲಿ ರಾತ್ರಿಯ ಬ್ಯಾಚ್‌ನ ಮೊದಲ ಹಂತ ದರಪಟ್ಟಿಯನ್ನು ಸೆಗ್‌ಮೆಂಟಿಗೆ ತುಂಬಿ ಕಳಚಿಕೊಂಡು ಹೋಗುತ್ತದೆ. ಎರಡನೇ ಹಂತ ಬಂದು ಜೋಡಿಸಿಕೊಳ್ಳುವ ತನಕ ಎನ್‌ಅಟ್ಯಾಚ್ ಸೊನ್ನೆಯೇ. ‘ಸೊನ್ನೆ ಇರುವುದನ್ನೆಲ್ಲ ಅಳಿಸು’ ಎಂಬ ಒಂದು ಸಾಲಿನ ಆಕ್ ಸ್ಕ್ರಿಪ್ಟ್ ಬರೆಯುವುದು ಐದು ನಿಮಿಷದ ಕೆಲಸ. ಅಂಥದ್ದನ್ನು ಕ್ರಾನ್‌ನಲ್ಲಿ ಹಾಕಿರುವ ಸರ್ವರ್ ಕಂಡರೆ ನಾನು ಮೊದಲು ಆ ಸಾಲನ್ನು ಕಾಮೆಂಟ್ ಮಾಡಿ ಆಮೇಲೆ ಕಾಫಿಗೆ ಹೋಗುತ್ತೇನೆ. ಎನ್‌ಅಟ್ಯಾಚ್ ಸೊನ್ನೆ, ಮಾಡಿದ ಪ್ರೋಸೆಸ್ ಈಗಿಲ್ಲ, ಕೊನೆಯ ಕಳಚಿದ ಸಮಯ ಆ ಪ್ರೋಗ್ರಾಂನ ಸಾಮಾನ್ಯ ಬಿಡುವಿಗಿಂತ ಬಹಳ ಹಿಂದಿನದು, ಓನರ್ ಯಾರೆಂದು ಗೊತ್ತಿದೆ: ಈ ನಾಲ್ಕೂ ಕೂಡಿಬಂದರೆ ಮಾತ್ರ ಕೈ ಹಾಕಿ.

ಪೋಸ್ಟ್‌ಗ್ರೆಸ್ ಇದ್ದಲ್ಲಿ

ಪೋಸ್ಟ್‌ಗ್ರೆಸ್‌ಕ್ಯೂಎಲ್ 9.3ಕ್ಕಿಂತ ಮುಂಚೆ ತನ್ನ ಇಡೀ ಬಫರನ್ನು ಸಿಸ್ಟಂ ಫೈವ್ ಸೆಗ್‌ಮೆಂಟಿನಲ್ಲೇ (ಇಲ್ಲಿಯ ತನಕ ಹೇಳಿದ ಶಮ್‌ಗೆಟ್ ಬಗೆಯದು) ಇಡುತ್ತಿತ್ತು. 2013ರಲ್ಲಿ ಬಂದ 9.3ರಿಂದ ದೊಡ್ಡ ಭಾಗ ಮೆಮೊರಿ ಹಂಚಿಕೊಳ್ಳುವ ಇನ್ನೊಂದು ಕರೆಯಾದ ಎಂಮ್ಯಾಪ್‌ಗೆ ಹೋಯಿತು. ಆದರೂ ಐಪಿಸಿಎಸ್ ಹೊಡೆದರೆ ಪೋಸ್ಟ್‌ಗ್ರೆಸ್ ಹೆಸರಿನಲ್ಲಿ 56 ಬೈಟಿನ ಒಂದು ಪುಟಾಣಿ ಸೆಗ್‌ಮೆಂಟ್ ಕಾಣುತ್ತದೆ. ‘ಇಷ್ಟು ಸಣ್ಣದು, ಹೋದರೆ ಹೋಗಲಿ’ ಎನ್ನಬೇಡಿ. ಅದು ಬೀಗ. ಒಂದೇ ಡೇಟಾ ಡೈರೆಕ್ಟರಿಯ ಮೇಲೆ ಎರಡು ಸರ್ವರ್ ಏಳದಂತೆ ತಡೆಯಲು ಪೋಸ್ಟ್‌ಗ್ರೆಸ್ ಆ ಸೆಗ್‌ಮೆಂಟಿನ ಎನ್‌ಅಟ್ಯಾಚನ್ನು ನೋಡುತ್ತದೆ. ಪೋಸ್ಟ್‌ಮಾಸ್ಟರ್ (ಮುಖ್ಯ ಪ್ರೋಸೆಸ್) ಸತ್ತು, ಅದು ಹುಟ್ಟಿಸಿದ ಒಂದೆರಡು ಬ್ಯಾಕೆಂಡ್ ಪ್ರೋಸೆಸ್ ಬದುಕುಳಿದರೆ, ಹೊಸ ಸರ್ವರ್ ‘ಹಳೆಯ ಶೇರ್ಡ್ ಮೆಮೊರಿ ಬ್ಲಾಕ್ ಇನ್ನೂ ಬಳಕೆಯಲ್ಲಿದೆ’ ಎಂಬರ್ಥದ ಸಂದೇಶ ಕೊಟ್ಟು ಏಳಲು ನಿರಾಕರಿಸುತ್ತದೆ. ಆಗ ಮಾಡಬೇಕಾದ್ದು ಉಳಿದ ಬ್ಯಾಕೆಂಡುಗಳನ್ನು ಹುಡುಕಿ ನಿಲ್ಲಿಸುವುದು. ಐಪಿಸಿಆರ್‌ಎಂ ಹೊಡೆದು, ಪೋಸ್ಟ್‌ಮಾಸ್ಟರ್ ಪಿಐಡಿ ಫೈಲ್ ಅಳಿಸಿ ಎಬ್ಬಿಸಿದರೆ ಎರಡು ಪೀಳಿಗೆಯ ಪ್ರೋಸೆಸ್ಸುಗಳು ಒಂದೇ ಫೈಲುಗಳ ಮೇಲೆ ಬರೆಯುತ್ತವೆ. ಆ ಡೇಟಾಬೇಸನ್ನು ಮತ್ತೆ ಬ್ಯಾಕಪ್ಪಿನಿಂದಲೇ ಕಟ್ಟಬೇಕು.

ಒಂದು ಸಣ್ಣ ಖುಷಿಯ ವಿಷಯ: ಹಳೆಯ ಆವೃತ್ತಿಗಳಲ್ಲಿ ಈ ಕೀ ಪೋರ್ಟ್ ನಂಬರಿನಿಂದ ಬರುತ್ತಿತ್ತು. 5432ನ್ನು ಸಾವಿರದಿಂದ ಗುಣಿಸಿ ಒಂದು ಕೂಡಿಸಿದರೆ 5432001. ಅದನ್ನು ಹೆಕ್ಸಾದಲ್ಲಿ ಬರೆದರೆ 52ಇ2ಸಿ1. ಈ ಕೀ ಕಂಡ ಕೂಡಲೇ ಇದು 5432ರ ಪೋಸ್ಟ್‌ಗ್ರೆಸ್ ಎಂದು ಹೇಳಿ ಹೊಸಬರ ಮುಂದೆ ಮಂತ್ರವಾದಿಯ ಹಾಗೆ ಮೆರೆಯಬಹುದು.

ಇನ್ನೊಂದು ಕಾಟ ಲಿನಕ್ಸಿನ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯದು. ಅದರಲ್ಲಿ ಲಾಗಿನ್ ನೋಡಿಕೊಳ್ಳುವ ಭಾಗವಾದ ಲಾಗಿಂಡಿಯ ಸೆಟ್ಟಿಂಗ್‌ನಲ್ಲಿ ‘ರಿಮೂವ್‌ಐಪಿಸಿ’ ಎಂಬುದೊಂದಿದೆ, ಮೂಲ ಸಿಸ್ಟಂಡಿಯಲ್ಲಿ ಡಿಫಾಲ್ಟ್ ‘ಯೆಸ್’; ಕೆಲವು ಡಿಸ್ಟ್ರೋಗಳು ಅದನ್ನು ‘ನೋ’ ಮಾಡಿಕೊಡುತ್ತವೆ. ಸಾಮಾನ್ಯ ಯೂಸರ್ ಒಬ್ಬರು ಪೂರ್ತಿ ಲಾಗೌಟ್ ಆದ ಕೂಡಲೇ ಅವರ ಹೆಸರಿನ ಶೇರ್ಡ್ ಮೆಮೊರಿ, ಸೆಮಾಫೋರ್ ಎಲ್ಲವನ್ನೂ ಇದು ಗುಡಿಸಿಹಾಕುತ್ತದೆ. ಸಿಸ್ಟಂ ಯೂಸರ್‌ಗಳನ್ನು ಮುಟ್ಟುವುದಿಲ್ಲ. ಪ್ಯಾಕೇಜಿನಿಂದ ಬಂದ ಪೋಸ್ಟ್‌ಗ್ರೆಸ್ ಸಿಸ್ಟಂ ಯೂಸರ್ ಅಡಿಯಲ್ಲಿರುವುದರಿಂದ ಬಚಾವ್. ನೀವೇ ಕೈಯಾರೆ ಸಾಮಾನ್ಯ ಯೂಸರ್ ಮಾಡಿ ಅದರಲ್ಲಿ ಡೇಟಾಬೇಸನ್ನೋ ನಿಮ್ಮ ಡೀಮನ್ನನ್ನೋ ಓಡಿಸುತ್ತಿದ್ದರೆ, ಎಸ್‌ಎಸ್‌ಎಚ್ ಮುಚ್ಚಿದ ಮೇಲೆ ಪ್ರೋಗ್ರಾಂ ವಿಚಿತ್ರವಾಗಿ ಆಡುವುದು ಇದರಿಂದಲೇ ಇರಬಹುದು. ಲಾಗಿಂಡಿ ಕಾನ್ಫ್‌ನಲ್ಲಿ ಅದನ್ನು ‘ನೋ’ ಮಾಡಿ, ಇಲ್ಲವೇ ಯೂಸರನ್ನು ‘ಯೂಸರ್‌ಆ್ಯಡ್ -ಆರ್’ ಎಂದು ಸಿಸ್ಟಂ ಯೂಸರಾಗಿಯೇ ಹುಟ್ಟಿಸಿ.

ಮಿತಿಗಳು

‘ಐಪಿಸಿಎಸ್ -ಎಂ -ಎಲ್’ ಎಂದರೆ ಮಿತಿಗಳು, ‘ಐಪಿಸಿಎಸ್ -ಎಂ -ಯು’ ಎಂದರೆ ಈಗಿನ ಬಳಕೆ. ಕರ್ನೆಲ್ಲಿನಲ್ಲಿ ಮೂರು ಹೆಸರು: ಶಮ್‌ಮ್ಯಾಕ್ಸ್ ಒಂದು ಸೆಗ್‌ಮೆಂಟಿನ ಗರಿಷ್ಠ ಗಾತ್ರ, ಬೈಟುಗಳಲ್ಲಿ. ಶಮ್‌ಆಲ್ ಎಲ್ಲ ಸೇರಿ ಎಷ್ಟು, ಆದರೆ ಪೇಜುಗಳಲ್ಲಿ (ಕರ್ನೆಲ್ ಮೆಮೊರಿ ಹಂಚುವ ತುಂಡುಗಳು). ಶಮ್‌ಎಂಎನ್‌ಐ ಎಷ್ಟು ಸೆಗ್‌ಮೆಂಟ್ ಎಂಬ ಎಣಿಕೆ. ಒಂದು ಬೈಟಿನಲ್ಲಿ, ಒಂದು ಪೇಜಿನಲ್ಲಿ ಇರುವುದು ಯಾರ ಪುಣ್ಯವೋ ಗೊತ್ತಿಲ್ಲ. ಶಮ್‌ಆಲ್ 2097152 ಎಂದಿದ್ದರೆ 4 ಕೆಬಿ ಪೇಜಿನ ಲೆಕ್ಕದಲ್ಲಿ ಅದು 8 ಜಿಬಿ.

ಶಮ್‌ಮ್ಯಾಕ್ಸ್ ಮೀರಿದರೆ ಬರುವುದು ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’. ಉಳಿದೆರಡು ಮೀರಿದರೆ ‘ನೋ ಸ್ಪೇಸ್’. ಎರರ್ ನೋಡಿಯೇ ಯಾವ ಮಿತಿ ಎಂದು ಊಹಿಸಬಹುದು.

ಲಿನಕ್ಸ್ 3.16ರ ತನಕ ಶಮ್‌ಮ್ಯಾಕ್ಸ್ ಡಿಫಾಲ್ಟ್ ಬರೀ 32 ಎಂಬಿ. ಅದಕ್ಕೇ ಹಳೆಯ ಒರಾಕಲ್ ಇನ್‌ಸ್ಟಾಲ್ ಗೈಡುಗಳಲ್ಲೆಲ್ಲ ‘ಸಿಸ್‌ಸಿಟಿಎಲ್‌ನಲ್ಲಿ (ಕರ್ನೆಲ್ ಸೆಟ್ಟಿಂಗ್) ಈ ಸಂಖ್ಯೆ ಹಾಕಿ’ ಎಂದಿರುತ್ತದೆ. 2014ರಲ್ಲಿ ಬಂದ 3.16ರಲ್ಲಿ ಶಮ್‌ಮ್ಯಾಕ್ಸ್, ಶಮ್‌ಆಲ್ ಎರಡನ್ನೂ ಮಿತಿಯೇ ಇಲ್ಲವೆನ್ನುವಷ್ಟು ಏರಿಸಿದರು. ಈಗಿನ ಮಷಿನ್ನಿಗೆ ಆ ಹಳೆಯ ಸಾಲುಗಳನ್ನು ಅಂಟಿಸಿದರೆ ನೀವು ಮಿತಿಯನ್ನು ಏರಿಸುತ್ತಿಲ್ಲ, ಇಳಿಸುತ್ತಿದ್ದೀರಿ. ಹೊಸ ಸರ್ವರ್ ಕೈಗೆ ಬಂದಾಗ ‘/ಇಟಿಸಿ/ಸಿಸ್‌ಸಿಟಿಎಲ್.ಡಿ’ ಒಳಗೆ ಯಾರಾದರೂ ಇಂಥ ಪಿತ್ರಾರ್ಜಿತ ಬಿಟ್ಟುಹೋಗಿದ್ದಾರೆಯೇ ನೋಡಿ. ಶಮ್‌ಎಂಎನ್‌ಐ ಮಾತ್ರ 4096ರಲ್ಲೇ ನಿಂತಿದೆ. ಅದು ತುಂಬಿದಾಗ ಏರಿಸುವ ಮೊದಲು ಸೋರಿಕೆ ಎಲ್ಲಿದೆ ಎಂದು ಹುಡುಕಿ. ಒಂದು ಸಭ್ಯ ಸರ್ವರಿಗೆ ನಾಲ್ಕು ಸಾವಿರ ಸೆಗ್‌ಮೆಂಟ್ ಏಕೆ ಬೇಕು?

ನೀವೇ ಬರೆಯುವುದಾದರೆ

ಸಿಸ್ಟಂ ಫೈವ್ ದಾರಿಯಲ್ಲಿ ನಾಲ್ಕು ಕರೆ: ಶಮ್‌ಗೆಟ್ ಮಾಡುತ್ತದೆ, ಶಮ್‌ಆಟ್ ಜೋಡಿಸುತ್ತದೆ, ಶಮ್‌ಡಿಟಿ ಕಳಚುತ್ತದೆ, ಶಮ್‌ಸಿಟಿಎಲ್ ಅಳಿಸುತ್ತದೆ. ಶಮ್‌ಆಟ್ ಸೋತರೆ ನಲ್ ಬರುವುದಿಲ್ಲ, ಮೈನಸ್ ಒಂದು ಬರುತ್ತದೆ. ನಲ್‌ಗೆ ಹೋಲಿಸಿ ಮುಂದೆ ಹೋದ ಕೋಡ್ ಸೆಗ್‌ಫಾಲ್ಟ್ ತಿನ್ನುವುದು ಖಚಿತ.

ಎಕ್ಸಾರ್ಗ್‌ನ ಶಿಸ್ತು ಎಂದೆನಲ್ಲ, ಅದು ಇಲ್ಲಿ ಬರುತ್ತದೆ. ಬೇಕಾದ ಪ್ರೋಸೆಸ್ಸುಗಳೆಲ್ಲ ಜೋಡಿಸಿಕೊಂಡ ಮರುಕ್ಷಣವೇ, ಕೆಲಸ ಶುರುವಾಗುವ ಮೊದಲೇ, ‘ಐಪಿಸಿ ಆರ್‌ಎಂಐಡಿ’ ಕಳಿಸಿಬಿಡಿ. ಗುರುತು ಬೀಳುತ್ತದೆ, ಕೊನೆಯವರು ಕಳಚಿಕೊಂಡಾಗ ಕರ್ನೆಲ್ಲೇ ಅಳಿಸುತ್ತದೆ. ಪ್ರೋಸೆಸ್ ಸತ್ತರೆ ಕಳಚುವಿಕೆ ತಾನಾಗಿ ಆಗುವುದರಿಂದ ‘ಕಿಲ್ -9’ ಹೊಡೆದರೂ ಏನೂ ಉಳಿಯುವುದಿಲ್ಲ. ತಂದೆ ಪ್ರೋಸೆಸ್ ಜೋಡಿಸಿಕೊಂಡು ಫೋರ್ಕ್ ಮಾಡಿದರೆ ಮಕ್ಕಳಿಗೆ ಜೋಡಣೆ ಹಾಗೇ ಬರುತ್ತದೆ, ಆದ್ದರಿಂದ ಈ ವಿಧಾನ ಫೋರ್ಕ್ ಮಾಡುವ ಸರ್ವರ್‌ಗಳಿಗೆ ಹೇಳಿ ಮಾಡಿಸಿದಂತಿದೆ. ಎಕ್ಸೆಕ್ ಮಾಡಿದರೆ ಮಾತ್ರ ಜೋಡಣೆ ಹೋಗುತ್ತದೆ. ಆಮೇಲೆ ಬರುವ ಸಂಬಂಧವಿಲ್ಲದ ಪ್ರೋಸೆಸ್ಸುಗಳೂ ಸೇರಬೇಕು ಎಂದಿದ್ದರೆ ಈ ದಾರಿ ಆಗದು. ಆಗ ಯಾರು ಅಳಿಸಬೇಕು ಎಂಬುದನ್ನು ಡಿಸೈನಿನಲ್ಲೇ ಬರೆದಿಡಿ.

ಎಫ್‌ಟಾಕ್ ಬಳಸಿ ಕೀ ಮಾಡುವವರಿಗೆ ಒಂದು ಮಾತು. ಅದು ಫೈಲಿನ ಹೆಸರಿನಿಂದಲ್ಲ, ಐನೋಡ್ ಮತ್ತು ಡಿವೈಸ್ ನಂಬರಿನ ಕೆಲವೇ ಬಿಟ್‌ಗಳಿಂದ ಕೀ ಕಟ್ಟುತ್ತದೆ. ಡಿಪ್ಲಾಯ್ ಸ್ಕ್ರಿಪ್ಟ್ ಆ ಫೈಲನ್ನು ಅಳಿಸಿ ಹೊಸದಾಗಿ ಬರೆದರೆ ಹೆಸರು ಅದೇ, ಐನೋಡ್ ಬೇರೆ, ಕೀ ಬೇರೆ. ಹಳೆ ಪ್ರೋಸೆಸ್ ಒಂದು ಕಡೆ, ಹೊಸದು ಇನ್ನೊಂದು ಕಡೆ. ಮೇಲೆ ಹೇಳಿದ ಅದೇ ಗ್ರಹಚಾರ.

ಸೆಗ್‌ಮೆಂಟಿನೊಳಗೆ ಪಾಯಿಂಟರ್ ಇಡಬೇಡಿ. ಒಂದೊಂದು ಪ್ರೋಸೆಸ್ಸಿನಲ್ಲಿ ಅದು ಒಂದೊಂದು ವಿಳಾಸದಲ್ಲಿ ಕೂರುತ್ತದೆ. ಆರಂಭದಿಂದ ಎಷ್ಟು ಬೈಟ್ ದೂರ ಎಂಬ ಆಫ್‌ಸೆಟ್ ಇಡಿ. ಬೀಗಕ್ಕೆ ಪಿಥ್ರೆಡ್ ಮ್ಯೂಟೆಕ್ಸ್ ಇಡುವುದಾದರೆ ‘ಪ್ರೋಸೆಸ್ ಶೇರ್ಡ್’ ಜತೆಗೆ ‘ರೋಬಸ್ಟ್’ ಗುಣವನ್ನೂ ಕೊಡಿ. ಬೀಗ ಹಿಡಿದವನೇ ಸತ್ತರೆ ಮುಂದಿನವನಿಗೆ ‘ಓನರ್ ಡೆಡ್’ ಎಂಬ ಉತ್ತರ ಬರುತ್ತದೆ. ಡೇಟಾ ಸರಿಪಡಿಸಿ, ಮ್ಯೂಟೆಕ್ಸನ್ನು ‘ಕನ್ಸಿಸ್ಟೆಂಟ್’ ಎಂದು ಘೋಷಿಸಿ ಮುಂದುವರಿಯಬಹುದು. ಆ ಗುಣ ಇಲ್ಲದಿದ್ದರೆ ಉಳಿದವರೆಲ್ಲ ಅಲ್ಲೇ ಕಾಯುತ್ತ ಕೂರುತ್ತಾರೆ, ಸಿಪಿಯು ಸೊನ್ನೆ, ಲೋಡ್ ಸೊನ್ನೆ, ಕೆಲಸವೂ ಸೊನ್ನೆ.

ಹೊಸ ಕೋಡ್ ಆದರೆ ನಾನು ಪೋಸಿಕ್ಸ್ (ಯುನಿಕ್ಸ್ ಬಗೆಯ ಸಿಸ್ಟಂಗಳ ಸಾಮಾನ್ಯ ಮಾನದಂಡ) ದಾರಿಯನ್ನೇ ಹೇಳುತ್ತೇನೆ: ಶಮ್_ಓಪನ್, ಎಫ್‌ಟ್ರಂಕೇಟ್, ಎಂಮ್ಯಾಪ್, ಕೊನೆಗೆ ಶಮ್_ಅನ್‌ಲಿಂಕ್. ಲಿನಕ್ಸ್‌ನಲ್ಲಿ ಇವು ‘/ಡೆವ್/ಶಮ್’ ಒಳಗೆ ಫೈಲುಗಳಂತೆ ಕಾಣುತ್ತವೆ, ಐಪಿಸಿಎಸ್‌ನಲ್ಲಿ ಕಾಣುವುದಿಲ್ಲ. ಎಲ್‌ಎಸ್ ಹೊಡೆದರೆ ಪಟ್ಟಿ, ‘ಎಲ್‌ಎಸ್‌ಓಎಫ್’ ಕೊಟ್ಟರೆ ಹಿಡಿದವರು, ಆರ್‌ಎಂ ಹೊಡೆದರೆ ಅಳಿಸಿದಂತೆ. ಎಂಮ್ಯಾಪ್‌ಗೆ ‘ಶೇರ್ಡ್’ ಬದಲು ‘ಪ್ರೈವೇಟ್’ ಕೊಟ್ಟರೆ ಬರೆದದ್ದು ಇನ್ನೊಬ್ಬರಿಗೆ ಕಾಣದು. ಹೆಸರೇ ಬೇಡವೆಂದರೆ 2014ರಲ್ಲಿ ಲಿನಕ್ಸ್ 3.17 ಜತೆ ಬಂದ ಮೆಮ್‌ಎಫ್‌ಡಿ_ಕ್ರಿಯೇಟ್ ಇದೆ; ಎಲ್ಲರೂ ಮುಚ್ಚಿದ ಮೇಲೆ ತಾನೇ ಮಾಯ.

ಪೈಥಾನ್ 3.8ರಿಂದ ಬಂದ ‘ಶೇರ್ಡ್ ಮೆಮೊರಿ’ ಮಾಡ್ಯೂಲ್ ಕೂಡ ಇದರ ಮೇಲೆಯೇ ನಿಂತಿದೆ. ಡೆವ್ ಶಮ್ ಒಳಗೆ ‘ಪಿಎಸ್‌ಎಂ_’ ಎಂದು ಶುರುವಾಗುವ ಹೆಸರುಗಳು ಕಂಡರೆ ಅವು ಪೈಥಾನಿನವು. ಕ್ಲೋಸ್ ಪ್ರತಿಯೊಬ್ಬರದು, ಅನ್‌ಲಿಂಕ್ ಒಬ್ಬರದೇ. ಸ್ವತಂತ್ರವಾಗಿ ಎದ್ದ ಇನ್ನೊಂದು ಪೈಥಾನ್ ಪ್ರೋಸೆಸ್ ಬರೀ ಓದಲು ಜೋಡಿಸಿಕೊಂಡಿದ್ದರೂ ಅದು ಮುಗಿಯುವಾಗ ಅದರ ರಿಸೋರ್ಸ್ ಟ್ರ್ಯಾಕರ್ ಸೆಗ್‌ಮೆಂಟನ್ನೇ ಅಳಿಸಿಬಿಡುವ ತೊಂದರೆ ಇತ್ತು. 3.13ರಲ್ಲಿ ‘ಟ್ರ್ಯಾಕ್’ ಎಂಬ ಆರ್ಗ್ಯುಮೆಂಟ್ ಬಂದಿದೆ. ಓದುವವರಿಗೆ ಅದನ್ನು ‘ಫಾಲ್ಸ್’ ಮಾಡಿ.

ಡೆವ್ ಶಮ್ ಒಂದು ಟಿಎಂಪಿಎಫ್‌ಎಸ್, ಅಂದರೆ ಡಿಸ್ಕಿನಲ್ಲಲ್ಲ, ಮೆಮೊರಿಯಲ್ಲಿರುವ ಫೈಲ್‌ಸಿಸ್ಟಂ. ಸಾಮಾನ್ಯವಾಗಿ ರ‍್ಯಾಮಿನ ಅರ್ಧದಷ್ಟು ಮಿತಿ. ಡಾಕರ್ ಕಂಟೇನರಿನಲ್ಲಿ ಮಾತ್ರ ಡಿಫಾಲ್ಟ್ 64 ಎಂಬಿ. ಎಫ್‌ಟ್ರಂಕೇಟ್ 2 ಜಿಬಿ ಕೇಳಿದರೂ ‘ಆಯಿತು’ ಎನ್ನುತ್ತದೆ, ಏಕೆಂದರೆ ಪೇಜು ನಿಜವಾಗಿ ಸಿಗುವುದು ಮುಟ್ಟಿದಾಗ. 64 ಎಂಬಿ ದಾಟಿ ಮುಟ್ಟಿದ ಕ್ಷಣ ‘ಬಸ್ ಎರರ್’ ಬಂದು ಪ್ರೋಸೆಸ್ ಸಾಯುತ್ತದೆ. ಪೈಟಾರ್ಚ್‌ನ ಡೇಟಾಲೋಡರ್‌ಗೆ ಹಲವು ವರ್ಕರ್ ಕೊಟ್ಟು ಕಂಟೇನರಿನಲ್ಲಿ ಓಡಿಸಿದವರಿಗೆ ಈ ಬಸ್ ಚೆನ್ನಾಗಿ ಪರಿಚಯ. ಕಂಟೇನರ್ ಎಬ್ಬಿಸುವಾಗ ‘--ಶಮ್-ಸೈಜ್=2ಜಿ’ ಕೊಡಿ. ಕೋಡ್ ನಿಮ್ಮದೇ ಆದರೆ ಎಫ್‌ಟ್ರಂಕೇಟ್ ಆದಮೇಲೆ ಪೋಸಿಕ್ಸ್_ಎಫ್‌ಆಲೋಕೇಟ್ ಕರೆಯಿರಿ. ಜಾಗ ಇಲ್ಲದಿದ್ದರೆ ಅಲ್ಲೇ ಎರರ್ ಕೊಡುತ್ತದೆ, ನಡುದಾರಿಯಲ್ಲಿ ಕೈಕೊಡುವುದಿಲ್ಲ.

ಕಂಟೇನರ್ ವಿಷಯದಲ್ಲಿ ಇನ್ನೊಂದು. ಹೋಸ್ಟ್‌ನಲ್ಲಿ ಐಪಿಸಿಎಸ್ ಹೊಡೆದರೆ ಕಂಟೇನರಿನೊಳಗಿನ ಸೆಗ್‌ಮೆಂಟುಗಳು ಕಾಣುವುದಿಲ್ಲ, ಏಕೆಂದರೆ ಪ್ರತಿ ಕಂಟೇನರಿಗೂ ಸಾಮಾನ್ಯವಾಗಿ ಬೇರೆ ಐಪಿಸಿ ನೇಮ್‌ಸ್ಪೇಸ್, ಅಂದರೆ ಸೆಗ್‌ಮೆಂಟುಗಳ ಪ್ರತ್ಯೇಕ ಲೋಕ. ಒಳಗೆ ಐಪಿಸಿಎಸ್ ಇನ್‌ಸ್ಟಾಲ್ ಆಗಿರದ ಸಣ್ಣ ಇಮೇಜ್ ಆದರೆ, ಕಂಟೇನರಿನ ಒಂದು ಪ್ರೋಸೆಸ್ಸಿನ ನಂಬರನ್ನು ಹೋಸ್ಟ್‌ನಿಂದಲೇ ಹಿಡಿದು ಹೀಗೆ ನೋಡಿ:

ಎನ್‌ಎಸ್‌ಎಂಟರ್ -ಟಿ 4821 -ಐ ಐಪಿಸಿಎಸ್ -ಎಂ

ಇಲ್ಲಿ ‘-ಐ’ ಐಪಿಸಿ ನೇಮ್‌ಸ್ಪೇಸಿಗೆ ಮಾತ್ರ ಹೊಕ್ಕುತ್ತದೆ, ಐಪಿಸಿಎಸ್ ಹೋಸ್ಟ್‌ನದ್ದೇ ಓಡುತ್ತದೆ. ಪ್ರೋಸೆಸ್ ನಂಬರುಗಳೂ ಹೋಸ್ಟ್‌ನ ಲೆಕ್ಕದಲ್ಲೇ ಬರುವುದರಿಂದ ಮ್ಯಾಪ್ಸ್ ಹುಡುಕಲು ಮತ್ತೆ ಒಳಗೆ ಹೋಗಬೇಕಾಗಿಲ್ಲ.